ಸರೋಜಕ್ಕ ಬೆಟ್ಟಕ್ಕೆ ಹೊರಟದ್ದು

ಸರೋಜಕ್ಕ ಕೂತು ಊಟ ಮಾಡಿದ್ದನ್ನು ನಾನು ನೋಡಿಯೇ ಇಲ್ಲ. ಫ್ರಿಜ್ಜಿಗೆ ಸೊಂಟ ಆನಿಸಿ, ಕಾಲು ಅಗಲಿಸಿ, ತಟ್ಟೆ ಎದೆಗೆ ಹಿಡಿದು ನಿಂತರೆ ಅಡುಗೆಮನೆಯೇ ಎಲ್ಲಿ ಬ್ರೇಕ್ ಹಾಕೀತೋ ಅನ್ನಿಸುತ್ತಿತ್ತು. ಮೂವತ್ತು ವರ್ಷ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಹೊರಮಾವಿನಲ್ಲಿ ನಮ್ಮ ಎದುರು ಮನೆ. ನಿಂತೂ ನಿಂತೂ ಮಂಡಿ ಎರಡೂ ಸವೆದಿದ್ದವು. ಬಾಯಿ ಮಾತ್ರ ಚೂರೂ ಸವೆದಿರಲಿಲ್ಲ.

ಪಶ್ಚಿಮ ಘಟ್ಟದ ಹುಲ್ಲುಬೆಟ್ಟಗಳ ಮೇಲೆ ಐದು ದಿನ ನಡೆಯುವ ಯೋಜನೆ ಅಸಲಿಗೆ ನನ್ನದು. ಆಫೀಸಿನ ಗೆಳತಿಯರ ಜೊತೆ ಹೋಗೋಣವೆಂದು ಒಂದು ಭಾನುವಾರ ನಕ್ಷೆ ಹರಡಿಕೊಂಡು ಕೂತಿದ್ದೆ. ಕೊತ್ತಂಬರಿ ಕೇಳಲು ಬಂದ ಅಕ್ಕ ಕೊತ್ತಂಬರಿಯನ್ನೇ ಮರೆತರು.

"ನಾನೂ ಬರ್ತೀನಿ ಕಣೇ."

"ಅಕ್ಕಾ, ಮುಂದಿನ ತಿಂಗಳು ನಿಮಗೆ ಮಂಡಿ ಆಪರೇಷನ್!"

"ಅದಕ್ಕೇ ಈಗ್ಲೇ ಹೋಗ್ಬೇಕು. ಮೂವತ್ತು ವರ್ಷ ಮೆಜೆಸ್ಟಿಕ್‌ಗೆ ಹೋದೆ, ಕೆ.ಆರ್. ಪುರಕ್ಕೆ ವಾಪಸ್ ಬಂದೆ. ಒಂದ್ಸಲನಾದ್ರೂ ವಾಪಸ್ ಬರ್ದೆ ಮುಂದಕ್ಕೇ ಹೋಗ್ಬೇಕು ಅಂತ ಆಸೆ."

ಮಾರನೇ ದಿನದಿಂದ ಯೋಜನೆ ಅವರ ಕೈಗೆ ಹೋಯಿತು. ಬೆಟ್ಟಗಳನ್ನೆಲ್ಲ ಬಸ್ ರೂಟಿನ ಹಾಗೆ ಸ್ಟೇಜುಗಳಾಗಿ ಕತ್ತರಿಸಿದರು. ತೊರೆ ಬಂದಲ್ಲಿ ಟೀ ಸ್ಟಾಪು, ಕೊನೆಯ ಹಳ್ಳಿ ಡಿಪೋ. ಏರುವುದಕ್ಕೂ ಇಳಿಯುವುದಕ್ಕೂ ಒಂದೇ ಸಮಯ ಬರೆದಿದ್ದರು. "ಹತ್ತೋದು ನಿಧಾನ ಆಗುತ್ತೆ ಅಕ್ಕಾ" ಅಂದರೆ, "ಯಾಕೆ, ಅಲ್ಲೇನು ಟಿನ್ ಫ್ಯಾಕ್ಟರಿ ಸ್ಟಾಪಿನ ಥರ ಟ್ರಾಫಿಕ್ ಜಾಮ್ ಇದ್ಯಾ?" ಎಂದು ಬಾಯಿ ಮುಚ್ಚಿಸಿದರು. ಬೆನ್ನಿಗೆ ಹತ್ತು ಕೆಜಿ ಅಕ್ಕಿ ಕಟ್ಟಿಕೊಂಡು ದಿನವೂ ನಾಲ್ಕು ಮಹಡಿ ಹತ್ತಿ ಇಳಿದರು.

ಮಂಡಿ ಆಪರೇಷನ್ ಮಾಡಬೇಕಿದ್ದ ಹಲಸೂರಿನ ಡಾಕ್ಟರು ಒಪ್ಪಲಿಲ್ಲ. "ಮೊದ್ಲು ಕೆ.ಆರ್. ಪುರದಿಂದ ನನ್ನ ಕ್ಲಿನಿಕ್ ತನಕ ನಡ್ಕೊಂಡು ಬನ್ನಿ, ಆಮೇಲೆ ನೋಡೋಣ" ಎಂದು ನಕ್ಕರು. ಅವರು ಅಂದದ್ದು ತಮಾಷೆಗೆ. ಅಕ್ಕ ಆರ್ಡರ್ ಎಂದೇ ತೆಗೆದುಕೊಂಡರು.

ಶನಿವಾರ ಬೆಳಿಗ್ಗೆ ಇಬ್ಬರೂ ಹಳೇ ಮದ್ರಾಸ್ ರಸ್ತೆ ಹಿಡಿದೆವು. ಇಂದಿರಾನಗರದ ಹತ್ತಿರ ಫುಟ್‌ಪಾತಿನ ಚಪ್ಪಡಿ ಎಡವಿ ಕಾಲು ಉಳುಕಿಸಿಕೊಂಡವರು ಯಾರು? ನಾನು! ಅಷ್ಟರಲ್ಲಿ ಹಿಂದಿನಿಂದ ಒಂದು ಬಸ್ಸು. ಡ್ರೈವರ್ ಅಕ್ಕನ ಹಳೇ ಜೊತೆಗಾರ, "ಅಕ್ಕಾ, ಹತ್ತಿ!" ಎಂದು ನಿಲ್ಲಿಸಿಯೇಬಿಟ್ಟ. ಅಕ್ಕನ ಮುಖ ಮಂಡಿ ನೋವಿಗೆ ಕಿವುಚಿಕೊಂಡಿತ್ತು. ಕೈ ಆಗಲೇ ಬಾಗಿಲ ಕಂಬಿ ಹಿಡಿದಿತ್ತು. ಮುಗೀತು, ಬೆಟ್ಟ ಇಲ್ಲ ಅಂದುಕೊಂಡೆ. ಅವರು ನನ್ನನ್ನು ಒಳಗೆ ತಳ್ಳಿ, ಬಸ್ಸಿನ ಮೈಗೆ ಎರಡು ಬಾರಿ ಬಡಿದು, "ರೈಟ್, ರೈಟ್!" ಎಂದು ಕೂಗಿದರು. ಬಸ್ಸು ಹೊರಟಿತು.

ಕ್ಲಿನಿಕ್ಕಿನಲ್ಲಿ ಒಂದು ಗಂಟೆ ಕಾದೆ. ಕುಂಟುತ್ತಾ, ಬೆವರುತ್ತಾ, ಮುಖ ತುಂಬ ನಗುತ್ತಾ ಬಂದರು. ಡಾಕ್ಟರು ಎದ್ದು ಕೈಮುಗಿದರು. "ಹೋಗಿ ಬನ್ನಿ ತಾಯಿ. ಆದ್ರೆ ಬಂದ ಮೂರನೇ ದಿನ ಆಪರೇಷನ್, ತಪ್ಪಿಸ್ಬಾರ್ದು."

ಉಳುಕಿದ ಕಾಲಿನ ನಾನು ಮನೆಯಲ್ಲೇ ಉಳಿದೆ. ನನ್ನ ಗೆಳತಿಯರನ್ನು ಕಟ್ಟಿಕೊಂಡು, ನನ್ನ ಬ್ಯಾಗನ್ನೇ ಹೊತ್ತುಕೊಂಡು ಅಕ್ಕ ಹೋದರು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ? ಐದು ದಿನ ಮುಗಿದು ಗೆಳತಿಯರೆಲ್ಲ ವಾಪಸ್ ಬಂದರು, ಅಕ್ಕ ಬರಲಿಲ್ಲ. ಕೊನೆಯ ಹಳ್ಳಿಯಲ್ಲೇ ಉಳಿದರಂತೆ. ಸಂಜೆ ಫೋನು. ಗಾಳಿಯ ಸದ್ದಿನ ನಡುವೆ ಏದುಸಿರು ಬಿಡುತ್ತಾ ನಗುತ್ತಿದ್ದರು.

"ಇಲ್ಲಿಂದ ಇನ್ನೊಂದು ಬೆಟ್ಟ ಕಾಣ್ತಿದೆ ಕಣೇ. ಅದೊಂದು ನೋಡ್ಕೊಂಡು ಬಂದ್ಬಿಡ್ತೀನಿ."

ಹಾಗಂದು ಎಂಟು ದಿನವಾಯಿತು. ದಿನಕ್ಕೊಂದು ಹೊಸ ಬೆಟ್ಟದ ಹೆಸರು ಹೇಳಿ ಫೋನ್ ಇಡುತ್ತಾರೆ. ಆ ಮಂಡಿಗಳನ್ನು ನೆನೆದರೆ ನನಗೆ ಭಯ. ಆ ನಗು ಕೇಳಿದರೆ ಕುಣಿಯುವಷ್ಟು ಖುಷಿ. ಇವತ್ತು ಡಾಕ್ಟರೇ ಖುದ್ದಾಗಿ ಫೋನ್ ಮಾಡಿದರು.

"ಎಲ್ರೀ ನಿಮ್ಮಕ್ಕ? ಇನ್ನೂ ಬರ್ಲಿಲ್ವಾ?"

"ಇಲ್ಲ ಡಾಕ್ಟ್ರೇ," ಅಂದೆ. "ಇನ್ನೂ ಹೋಗ್ತಾನೇ ಇದ್ದಾರೆ."