ಸಗಣಿ ನಮ್ಮದು, ಉರಿ ಅವಳದು

ಮೊನ್ನೆ ತುಮಕೂರಿನ ನಮ್ಮ ಬೀದಿಯಲ್ಲಿ ಯಾರೋ ತೆಂಗಿನ ಮಟ್ಟೆ ಸುಡುತ್ತಿದ್ದರು. ಹೊಗೆ ಕಣ್ಣಿಗೆ ಹೊಡೆದದ್ದೇ ತಡ, ನಿಟ್ಟೂರಿನ ಎದುರುಮನೆ ಅಕ್ಕ ನೆನಪಾದಳು. ಇಷ್ಟು ವರ್ಷವಾದರೂ ಆ ಹೊಟ್ಟೆಕಿಚ್ಚು ಆರಿಲ್ಲ, ನೋಡಿ!

ಎಂಬತ್ತರ ದಶಕ. ನಾನು ನಿಟ್ಟೂರಿಗೆ ಸೊಸೆಯಾಗಿ ಬಂದ ಹೊಸತು. ಒಲೆ ಊದಿ ಊದಿ ನನ್ನ ಕಣ್ಣು ಸದಾ ಕೆಂಪಗಿರುತ್ತಿತ್ತು. ಆಗ ಸುದ್ದಿ ಬಂತು: ಸರ್ಕಾರದ ದುಡ್ಡಿನಲ್ಲಿ ಊರಿಗೊಂದು ಗೋಬರ್ ಗ್ಯಾಸ್. ಗುಬ್ಬಿಯಿಂದ ಆಫೀಸರು ಬಂದು, ದನ ಜಾಸ್ತಿ ಇರುವ ಮನೆಯನ್ನು ಆರಿಸುತ್ತಾರಂತೆ. ನಮ್ಮದು ಕೊಟ್ಟಿಗೆ ತುಂಬ ದನ, ಅಕ್ಕನದು ಎರಡೇ ಹಸು. ಹೊಗೆಯಿಲ್ಲದ ಒಲೆ ನನಗೇ ಎಂದುಕೊಂಡು ಹಿಗ್ಗಿಹೋಗಿದ್ದೆ.

ನಮ್ಮತ್ತೆಗೆ ಬೇರೆಯೇ ಭಯ. ಹೊರಗಿನವರು ದನ ಎಣಿಸಿದರೆ ದೃಷ್ಟಿಯಾಗುತ್ತದಂತೆ. "ಸುಮ್ಕಿರು ಕಣೇ, ಒಲೆ ಊದುದ್ರೆ ಸವ್ದೋಗಲ್ಲ ನೀನು" ಎಂದು ನನ್ನ ಬಾಯಿ ಮುಚ್ಚಿಸಿ, ಜೀಪು ಬರುವ ಮೊದಲೇ ಎಲ್ಲ ದನವನ್ನೂ ಎದುರುಮನೆಯ ಕೊಟ್ಟಿಗೆಗೆ ಹೊಡೆದು ಕಟ್ಟಿಬಿಟ್ಟರು. ಅಕ್ಕ ಹೊಲದಲ್ಲಿದ್ದಳು, ಆಗ ಅವಳಿಗೆ ಗೊತ್ತೂ ಇಲ್ಲ. ಆಫೀಸರು ಬಗ್ಗಿ ನೋಡಿದರು, ಬರೆದುಕೊಂಡರು, ಹೋದರು. ದನ ನಮ್ಮ ಕೊಟ್ಟಿಗೆಗೆ ವಾಪಸಾದವು, ಗ್ಯಾಸು ಅಕ್ಕನಿಗೆ ಮಂಜೂರಾಯಿತು.

ಗುಂಡಿ ಕಟ್ಟಿದ ಮೇಲೆ ತಿಳಿಯಿತು, ಎರಡು ಹಸುವಿನ ಸಗಣಿ ಯಾವ ಮೂಲೆಗೂ ಸಾಲದು. ಅಕ್ಕ ದಿನಾ ಬೆಳಿಗ್ಗೆ ಮಂಕರಿ ಹಿಡಿದು ನಮ್ಮ ಬಾಗಿಲಿಗೇ ಬರುತ್ತಿದ್ದಳು. ಅತ್ತೆ ಧಾರಾಳವಾಗಿ ಕೊಡುತ್ತಿದ್ದರು. ಬಾಚಿ ಕೊಡುವವಳು ನಾನು! ಅವಳ ಅಡುಗೆಮನೆಯ ನೀಲಿ ಉರಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಸಿ ಹಿಡಿಯದ ಅವಳ ಪಾತ್ರೆ, ಬೆಳ್ಳಗಿನ ಕಣ್ಣು... ಯಾವುದನ್ನೂ ನೋಡಲಾಗುತ್ತಿರಲಿಲ್ಲ.

ಮರುವರ್ಷ ಆಫೀಸರು ಗ್ಯಾಸು ಹೇಗಿದೆಯೆಂದು ನೋಡಲು ಬಂದರು. ಅಕ್ಕ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಅವರ ಮುಂದೆ ನಿಲ್ಲಿಸಿದಳು.

"ದನ ಇವ್ರವು ಸ್ವಾಮಿ. ಕೊಟ್ಟಿಗೆ ನೋಡ್ಕಂಡ್ ಹೋದ್ರಿ, ಅಡುಗೆಮನೆಗೆ ಬರ್ಲಿಲ್ಲ. ಯಾರ್ ಕಣ್ಣು ಉರೀತೈತೆ ಅಂತ ಒಂದ್ ಮಾತು ಕೇಳ್ಬಾರ್ದಿತ್ತಾ? ಇವ್ಳಿಗೂ ಒಂದ್ ಕೊಡಿ."

"ಊರಿಗೊಂದೇ ಕಣಮ್ಮ. ಆಗೋಯ್ತಲ್ಲ" ಎಂದು ಅವರು ಜೀಪು ಹತ್ತಿದರು.

ನನಗೆ ಆಗಲೂ ಹೊಟ್ಟೆಕಿಚ್ಚೇ. ನಾನು ವರ್ಷವಿಡೀ ನುಂಗಿಕೊಂಡಿದ್ದ ಮಾತನ್ನೂ ಅವಳೇ ಆಡಿಬಿಟ್ಟಳಲ್ಲ! ನನ್ನ ಗಂಟಲಿಗೆ ಆ ಧೈರ್ಯ ಯಾಕೆ ಬರಲಿಲ್ಲ...

ಅಕ್ಕ ಹೋದ ವರ್ಷ ತೀರಿಕೊಂಡಳು. ಮಟ್ಟೆಯ ಹೊಗೆ ಒಳಗೆ ಬಾರದಂತೆ ಕಿಟಕಿ ಮುಚ್ಚಿ ಕಾಫಿಗೆ ಸ್ಟವ್ ಹಚ್ಚಿದೆ. ಈಗ ನನ್ನ ಮನೆಯಲ್ಲೂ ನೀಲಿ ಉರಿ. ಬಾರೇ ನೋಡು ಅನ್ನೋಣವೆಂದರೆ, ಅವಳಿಲ್ಲ.