ಕನಾತಿನೊಳಗೆ ಆಡಿದ ಆಟ

ಬಳೆ ಇಡಿಸಿಕೊಳ್ಳುವಾಗ ಬಲಗೈಗೊಂದು ಅಳತೆ, ಎಡಗೈಗೊಂದು ಅಳತೆ ಕೇಳುವ ಹೆಂಗಸನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ, ಅವರು ನನ್ನ ಸೋದರತ್ತೆ, ಕಮಲತ್ತಿ. ಸುಲ್ತಾನ್ ಬಜಾರಿನ ಬಳೆಗಾರ ಬೆರಗಾದಾಗಲೆಲ್ಲ ಅತ್ತಿ ಆಡಿ ಆಡಿ ದಪ್ಪಗಾದ ಬಲಗೈ ಮುಂದೆ ಚಾಚಿ, "ಟೆನಿಸ್ ಕಾ ಹಾಥ್ ಹೈ ಭಾಯಿ" ಎಂದು ಬೀಗುತ್ತಿದ್ದರು.

ಬೀಗಲಿ ಬಿಡಿ, ಬೀಗುವಂಥದ್ದೇ! ಐವತ್ತರ ದಶಕದಲ್ಲಿ ಕಚ್ಚೆ ಸೀರೆಯುಟ್ಟು, ಈ ಊರಿನ ಹೆಂಗಸರ ಕ್ಲಬ್ಬಿನಲ್ಲಿ ವರ್ಷ ವರ್ಷವೂ ಕಪ್ಪು ಗೆದ್ದವರು ಅವರು. ಪರದೆ ಪಾಲಿಸುವ ಗೋಷಾ ಮನೆಗಳ ಹೆಣ್ಣುಮಕ್ಕಳೂ ನಿಶ್ಚಿಂತೆಯಾಗಿ ಆಡಲೆಂದು ಆ ಅಂಗಳದ ನಾಲ್ಕೂ ಕಡೆ ಕನಾತು, ಅಂದರೆ ಆಳೆತ್ತರದ ಬಟ್ಟೆಯ ಗೋಡೆ, ಕಟ್ಟಿರುತ್ತಿದ್ದರು. ಗಂಡಸರಿಗೆ ಪ್ರವೇಶವಿಲ್ಲ. ಮಗಳನ್ನು ಟಾಂಗಾದಲ್ಲಿ ಕರೆತಂದ ನನ್ನಜ್ಜ ಹೊರಗೆ ಬೇವಿನ ಮರದಡಿ ಕೂತು, ಚೆಂಡಿನ ಸಪ್ಪಳದಲ್ಲೇ ಆಟವನ್ನೆಲ್ಲ ಕಂಡುಕೊಳ್ಳುತ್ತಿದ್ದರು. ಮರಳುವ ದಾರಿಯಲ್ಲಿ ಹೊಗಳಿಕೆಯೇ? ರಾಮಾ! "ನಡುವ ಹೊಡೆತ ಯಾಕ ಸಡ್ಲ ಬಿಟ್ಟಿ? ಗೆಲ್ಲಾಕತ್ತೀನಂತ ಸೊಕ್ಕ ಬಂತೇನು?"

ಒಮ್ಮೆ ಮದರಾಸಿನ ದೊಡ್ಡ ಪಂದ್ಯಕ್ಕೆ ಕರೆ ಬಂತು. ಅಲ್ಲಿ ಕನಾತಿಲ್ಲ, ಅಜ್ಜ ಮೊದಲ ಸಲ ಕಣ್ಣಾರೆ ನೋಡಬಹುದಿತ್ತು. ಹಾಸಿಗೆ ಕಟ್ಟಿ ರೈಲಿಗೆ ಹೊರಡುವಷ್ಟರಲ್ಲಿ ಅಜ್ಜನಿಗೆ ಎದೆನೋವು ಬಂತು, ಬಂದದ್ದು ಅವರನ್ನು ಕರೆದುಕೊಂಡೇ ಹೋಯಿತು. ಹೋದವರ ವರ್ಷಾಂತಿಕದೊಳಗೆ ಕನ್ಯಾದಾನ ಆಗಬೇಕೆಂಬ ಪದ್ಧತಿಯಂತೆ ಹಿರಿಯರು ಅವಸರದಲ್ಲಿ ಅತ್ತಿಯ ಮದುವೆ ಮಾಡಿದರು. ಗಂಡನ ಮನೆಯಲ್ಲಿ ಆಡಬೇಡ ಎಂದು ಯಾರೂ ಅನ್ನಲಿಲ್ಲ, ಆಡು ಎಂದೂ ಅನ್ನಲಿಲ್ಲ. ಆಟ ಅಲ್ಲಿಗೆ ನಿಂತಿತು.

"ನನ್ನ ಆಟ ನಮ್ಮವರು ಒಬ್ಬರೂ ಕಣ್ಣಿಲೆ ನೋಡಲಿಲ್ಲವ್ವಾ," ಎಂದು ಅತ್ತಿ ಆಗಾಗ ಅನ್ನುತ್ತಿದ್ದರು. ಊಟದ ಹಸಿವಿಗಾದರೆ ಬಡಿಸಬಹುದು. ತನ್ನನ್ನು ತನ್ನವರು ನೋಡಲೆಂಬ ಹಸಿವಿಗೆ, ಅದೂ ಅರ್ಧ ಶತಮಾನ ಹಳತಾದದ್ದಕ್ಕೆ, ಏನು ಬಡಿಸುವುದು ಹೇಳಿ.

ಸಾಫ್ಟ್‌ವೇರಿನ ಸುಗ್ಗಿಯಲ್ಲಿ ಊರಂಚಿನ ಗಚ್ಚಿಬೌಲಿಯ ಬಂಡೆಗಳನ್ನೆಲ್ಲ ಸಿಡಿಸಿ ಕಟ್ಟಡ ಎಬ್ಬಿಸುತ್ತಿದ್ದ ಕಾಲಕ್ಕೆ ನಾವೂ ಅಲ್ಲೊಂದು ಫ್ಲ್ಯಾಟು ಹಿಡಿದೆವು. ಕೆಳಗೇ ಟೆನಿಸ್ ಕೋರ್ಟು. ಊರಿನ ಇನ್ನೊಂದು ತುದಿಯ ಕುಷಾಯಿಗೂಡದಿಂದ ನಮ್ಮಲ್ಲಿಗೆ ಬಂದ ಅತ್ತಿ ಒಂದು ಸಂಜೆ ಬಾಲ್ಕನಿಯಿಂದ ಕದಲಲೇ ಇಲ್ಲ. ಕೆಳಗೆ ನೆರೆಮನೆಯ ತೆಲುಗು ಹುಡುಗಿ ಆಡುತ್ತಿದ್ದಳು. ಅವಳ ಗಂಡ, ಅತ್ತೆ, ಮಾವ ಬೆಂಚಿನ ಮೇಲೆ ಕೂತು ನೋಡುತ್ತಿದ್ದರು.

"ಪುಣ್ಯವಂತಿ. ಮಾವನೂ ನೋಡಾಕತ್ತಾನ," ಎಂದರು ಅತ್ತಿ. ಸ್ವಲ್ಪ ಹೊತ್ತಿಗೆ, "ನಡಿ, ಕೆಳಗ ಹೋಗೂಣು. ನೀ ಒಮ್ಮೆ ನೋಡು."

"ಆಡತಾರಾ ಆಂಟೀ?" ಆಡುತ್ತೀರಾ ಎಂದು ತೆಲುಗಿನಲ್ಲಿ ಕೇಳಿ ಹುಡುಗಿ ನಗುತ್ತಾ ರ‍್ಯಾಕೆಟ್ಟು ಕೊಟ್ಟಳು. ಅತ್ತಿ ಸೆರಗು ನಡುವಿಗೆ ಸಿಕ್ಕಿಸಿ ಚೆಂಡು ಮೇಲೆಸೆದರು. ಮೊದಲನೆಯದು ಬಲೆಗೆ ಬಿತ್ತು. ಎರಡನೆಯದು ತಡವರಿಸುತ್ತಾ ಹೇಗೋ ಆಚೆ ದಾಟಿತು. ಬೆಂಚಿನವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ನಾನು.

"ಭಾಳ ಛಂದ ಹೊಡದಿ, ಅತ್ತಿ!"

ಅತ್ತಿ ರ‍್ಯಾಕೆಟ್ಟು ಮರಳಿಸಿ, ಸೆರಗು ಬಿಡಿಸಿಕೊಂಡು ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು.

"ನನ್ನ ವಯಸ್ಸಿಗೆ ಚಪ್ಪಾಳಿ ಹೊಡದ್ರಿ, ಹೊಡೆತಕ್ಕಲ್ಲ. ಅಪ್ಪ ಇದ್ದಿದ್ರ ಬೈತಿದ್ದ."