ಮೋಲನ್ನು ಚೀಲಕ್ಕೆ ತುಂಬಿದ್ದು

ನನ್ನ ಬಾಯಿಗೆ ಬೀಗ ಹಾಕಬೇಕಿತ್ತು. ಕುರುಗೋಡಿನ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ನನಗೊಂದು ಚಟ: ಪುಸ್ತಕದಲ್ಲಿ ನೆಟ್ಟಗಿರುವುದನ್ನು ನೆಟ್ಟಗೆ ಹೇಳುವುದಿಲ್ಲ, ನಮ್ಮೂರಿನ ಭತ್ತ ತಂದು ಬೆರೆಸಲೇಬೇಕು. ನಾನು ಸಿರುಗುಪ್ಪ ಕಡೆಯ ದೇಶನೂರಿನವನು. ನಮ್ಮಲ್ಲಿ ಚೀಲ ಅಂದರೆ ಗೋಣಿಯಲ್ಲ, ತೂಕ. ಸಣ್ಣ ಭತ್ತವಿರಲಿ, ದಪ್ಪ ಭತ್ತವಿರಲಿ, ಚೀಲ ಅಂದರೆ ಎಪ್ಪತ್ತೈದು ಕೆಜಿ, ಮುಗಿಯಿತು.

ಈ ವರ್ಷ ಮೋಲ್ ಪಾಠ ಬಂದಾಗ ಮಕ್ಕಳು ಪಿಳಿಪಿಳಿ ಕಣ್ಣು ಬಿಟ್ಟರು. ಮೋಲ್ ಅನ್ನುವುದು ಡಜನ್ ಇದ್ದ ಹಾಗೆ, ಬರೀ ಎಣಿಕೆ. ಯಾವ ಧಾತುವೇ ಆಗಲಿ, ಒಂದು ಮೋಲಿನಲ್ಲಿ ಪರಮಾಣುಗಳ ಸಂಖ್ಯೆ ಒಂದೇ, ತೂಕ ಬೇರೆ ಬೇರೆ. ಅಷ್ಟು ಹೇಳಿ ಸುಮ್ಮನಾಗಬಾರದೇ?

"ಮೋಲ್ ಅಂದ್ರ ನಮ್ಮ ಭತ್ತದ ಚೀಲ ಇದ್ದಂಗ," ಅಂದೆ. "ಸಣ್ಣದಿರಲಿ ದಪ್ಪದಿರಲಿ, ಚೀಲ ಅಂದ್ರ ಚೀಲಾನ. ಕಬ್ಬಿಣ ಇರಲಿ, ಅಲ್ಯುಮಿನಿಯಂ ಇರಲಿ, ಲೆಕ್ಕ ಒಂದೇ!"

ಚಪ್ಪಾಳೆ ಬಿತ್ತು. ನಾನು ಉಬ್ಬಿಹೋದೆ.

ಮುಂದಿನ ಬೆಂಚಿನ ಒಬ್ಬ ಹುಡುಗಿ ಆ ಮಾತನ್ನು ಹಾಗೇ ತಲೆಯಲ್ಲಿಟ್ಟುಕೊಂಡಳು. ಊರಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಅವಳ ಅಬ್ಬಾಗೆ ಮಗಳು ಸೈನ್ಸ್ ತೆಗೆದುಕೊಂಡದ್ದು ಮನಸ್ಸಿಗೆ ಬಂದಿರಲಿಲ್ಲ. "ಸರ್ ಚೊಲೋ ಹೇಳ್ತಾರ ಅಬ್ಬಾ, ನನಗ ತಿಳೀತೈತಿ," ಎಂದು ಅವಳು ಹಟ ಹಿಡಿದಿದ್ದಳು. ಬಳ್ಳಾರಿಯ ವಿಜ್ಞಾನ ಕ್ವಿಜ್‌ಗೆ ನಾನು ಅವಳನ್ನು ಕರೆದುಕೊಂಡು ಹೊರಟಾಗ ಅವಳ ಅಬ್ಬಾ ನಗದೆಯೇ ಹೇಳಿದರು: "ಇದರಾಗ ಸೋತ್ರ ಕಾಮರ್ಸಿಗೆ ಬದ್ಲಿ ಮಾಡಸ್ತೀನ್ರಿ ಸರ್."

ಬಳ್ಳಾರಿಯ ಗಾಂಧಿನಗರದ ಸಭಾಂಗಣದ ಮೇಜಿನ ಮೇಲೊಂದು ತಕ್ಕಡಿ. ಒಂದು ಕಡೆ ಕಬ್ಬಿಣದ ಮೊಳೆಗಳು, ಇನ್ನೊಂದು ಕಡೆ ಅಲ್ಯುಮಿನಿಯಂ ತುಂಡು, ಸರಿಸಮ ತೂಗುತ್ತಿದ್ದವು. ಯಾವುದರಲ್ಲಿ ಪರಮಾಣು ಹೆಚ್ಚು ಎಂದು ಪ್ರಶ್ನೆ.

ಗಂಟೆ ಒತ್ತಿದವಳು ನಮ್ಮ ಹುಡುಗಿಯೇ. "ಎರಡರಾಗೂ ಲೆಕ್ಕ ಒಂದೇ ರೀ ಸರ್. ತೂಕ ಒಂದೇ ಐತಲ್ರಿ."

ಅಯ್ಯೋ, ನನ್ನ ಚೀಲ!

"ತಪ್ಪು," ಎಂದರು ಪ್ರಶ್ನೆ ಕೇಳಿದವರು.

"ಇಲ್ರಿ, ನಮ್ಮ ಸರ್ ಹೇಳ್ಯಾರ. ಬೇಕಾದ್ರ ಕೇಳ್ರಿ, ಅಲ್ಲೇ ಕುಂತಾರ."

ಸಭೆಯೆಲ್ಲ ತಿರುಗಿತು. ನಾನೇನು ಮಾಡಿದೆ? ಚಪ್ಪಲಿಯ ಪಟ್ಟಿ ಸರಿಮಾಡುವವನ ಹಾಗೆ ಬಗ್ಗಿದೆ. ಥೂ! ಪಟ್ಟಿ ಸರಿಯಾಗಿಯೇ ಇತ್ತು. ತಲೆ ಎತ್ತಿದಾಗ ಅವಳು ಇನ್ನೂ ನನ್ನ ಕಡೆ ಕೈ ತೋರಿಸುತ್ತ, ಧೈರ್ಯವಾಗಿ ನಿಂತಿದ್ದಳು. ಎದ್ದು, "ತಪ್ಪು ನಂದು," ಅಂದೆ. ಕೇಳಿಸಲಿಲ್ಲವಂತೆ, ಇನ್ನೊಮ್ಮೆ ಗಟ್ಟಿಯಾಗಿ ಹೇಳಿಸಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳ ಕೈ ನಿಧಾನಕ್ಕೆ ಕೆಳಗಿಳಿಯಿತು. ನೆಲ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಸರಿಯಾಗಿ ಹೇಳಿದೆ. "ಚೀಲ ತೂಗಬಾರದಿತ್ತವ್ವಾ, ಕಾಳು ಎಣಿಸಬೇಕಿತ್ತು. ಎಣಿಕಿ ಒಂದೇ ಇದ್ರ, ಅಂದ್ರ ಒಂದೊಂದು ಮೋಲ್ ಇದ್ರ, ಅಲ್ಯುಮಿನಿಯಂ ಇಪ್ಪತ್ತೇಳು ಗ್ರಾಂ, ಕಬ್ಬಿಣ ಐವತ್ತಾರು."

ಅವಳು ಕಿಟಕಿಯಿಂದ ಮುಖ ತಿರುಗಿಸದೆ, "ಅಂದ್ರ ತೂಕ ಒಂದೇ ಮಾಡಿದ್ರ ಹಗೂರಿದ್ದವು ಜಾಸ್ತಿ ಹಿಡೀತಾವು. ಅಲ್ಯುಮಿನಿಯಂದಾಗ ಹತ್ರ ಹತ್ರ ಎರಡರಷ್ಟು," ಅಂದಳು. ಎಷ್ಟು ಬೇಗ ತಿಳಿಯಿತು ಅವಳಿಗೆ! ಆಮೇಲೆ ಕೇಳಿದಳು: "ಹಂಗಾದ್ರ ಸರ್, ನೀವು ಹೇಳಿದ ಉಳಿದದ್ದೆಲ್ಲ ಖರೇ ಐತೇನ್ರಿ?"

ಕುಟುಕುವ ಮಾತಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನಿಜವಾಗಿಯೂ ಕೇಳುತ್ತಿದ್ದಳು.

ಕುರುಗೋಡಿನ ಬಸ್ ನಿಲ್ದಾಣದಲ್ಲಿ ಅವಳ ಅಬ್ಬಾ ಕಾಯುತ್ತಿದ್ದರು. ಮಗಳ ಮುಖ ನೋಡಿಯೇ, "ಸೋತ್ಯಾ? ಸೈನ್ಸ್ ನಮಗ ಆಗಂಗಿಲ್ಲ ಅಂತ ಹೇಳಿದ್ನೋ ಇಲ್ಲೋ?" ಅಂದರು. ಅವಳು ನನ್ನ ಹೆಸರೆತ್ತದೆ ತಲೆ ತಗ್ಗಿಸಿದಳು.

"ಆಕೀದು ಏನೂ ತಪ್ಪಿಲ್ರಿ," ಅಂದೆ. "ನಾನು ತಪ್ಪು ಹೇಳಿಕೊಟ್ಟಿದ್ದೆ. ಹೇಳಿದ್ದನ್ನ ಆಕಿ ಹೇಳ್ಯಾಳ."

ಅವರು ಎರಡೂ ಕೈ ಮುಗಿದುಬಿಟ್ಟರು. "ಮಗೀನ ಮಾನ ಉಳಿಸಾಕ ತಮ್ಮ ಮ್ಯಾಲ ಹಾಕ್ಕೊಂತೀರಿ. ದೊಡ್ಡ ಮನಸು ಸರ್ ನಿಮ್ದು."

ನನ್ನ ಮುಖ ಸುಟ್ಟಂತಾಯಿತು. ಆಗ ಅವಳು ಕ್ವಿಜ್ ಮುಗಿದ ಮೇಲೆ ಮೊದಲ ಸಲ ನನ್ನ ಕಡೆ ನೋಡಿದಳು.

"ಇಲ್ಲ ಅಬ್ಬಾ," ಅಂದಳು, "ಈಗ ಸರ್ ಹೇಳಿದ್ದು ಖರೇ ಐತಿ."